ಮಿಕ್ಸರ್ ಕೊಳ್ಳುವ ಮುನ್ನ



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ನೋಡದೆ ಬೆಳೆದವರು ಕಡಿಮೆ. ದುರ್ಯೋಧನ ಕಂದಪದ್ಯ ಎತ್ತಿಕೊಂಡಾಗ ನಮ್ಮ ಕಣ್ಣು ಅವನ ಕಿರೀಟದ ಮೇಲಿರುತ್ತದೆ. ರಂಗದ ಪಕ್ಕದಲ್ಲಿ ಸಾಲು ಸಾಲು ತಿರುಪುಗಳಿರುವ ಪೆಟ್ಟಿಗೆಯ ಮುಂದೆ ಕುಳಿತವನನ್ನು ಯಾರೂ ನೋಡುವುದಿಲ್ಲ. ಮೈಕು ಕೀಚಲು ದನಿ ತೆಗೆದಾಗ ಮಾತ್ರ ಎಲ್ಲರೂ ಅವನತ್ತ ತಿರುಗುತ್ತಾರೆ. ಆ ಪೆಟ್ಟಿಗೆಯೇ ಮಿಕ್ಸರ್. ಇಂದು ಕಾಲೇಜುಗಳ ಸಾಂಸ್ಕೃತಿಕ ಸಂಘಗಳೂ ಊರಿನ ಯುವಕ ಸಂಘಗಳೂ ಮಿಕ್ಸರ್ ಕೊಳ್ಳಲು ಅಥವಾ ಹಳೆಯದನ್ನು ಬದಲಿಸಲು ಹಣ ಕೂಡಿಸುತ್ತಿವೆ. ಆ ಹಣವನ್ನು ವಿವೇಚನೆಯಿಂದ ಖರ್ಚು ಮಾಡುವುದು ಹೇಗೆ ಎಂಬುದೇ ಇಂದಿನ ವಿಷಯ.

ಮಿಕ್ಸರ್ ಏನು ಮಾಡುತ್ತದೆ? ರಾಮನಗರದ ಯಾವುದಾದರೊಂದು ನೂಲು ಬಿಚ್ಚಾಣಿಕೆ ಘಟಕಕ್ಕೆ ಹೋಗಿ ನೋಡಿ. ಒಂದು ರೇಷ್ಮೆ ಗೂಡಿನ ಎಳೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದು. ಬಿಸಿನೀರಿನಲ್ಲಿ ತೇಲುವ ಎಂಟು ಹತ್ತು ಗೂಡುಗಳ ಎಳೆಗಳನ್ನು ಒಟ್ಟಿಗೆ ಹಿಡಿದು ಒಂದೇ ನೂಲಾಗಿ ಸುತ್ತುತ್ತಾರೆ. ಎಳೆಯೊಂದು ತುಂಡಾದರೆ ನೂಲು ಅಲ್ಲಿ ತೆಳುವಾಗುತ್ತದೆ; ಕಸ ಸೇರಿದರೆ ಗಂಟಾಗುತ್ತದೆ. ಆಮೇಲೆ ಎಂಥ ಬಣ್ಣ ಹಾಕಿದರೂ ಆ ಗಂಟು ಮರೆಯಾಗದು. ಮಿಕ್ಸರ್ ಕೂಡ ಹಲವು ಮೈಕುಗಳಿಂದ ಬರುವ ಸಣ್ಣ ಸಣ್ಣ ಸಂಕೇತಗಳನ್ನು ಹದಮಾಡಿ, ಒಂದುಗೂಡಿಸಿ ಮುಂದಕ್ಕೆ ಕಳಿಸುತ್ತದೆ. ಮೈದಾನ ತುಂಬುವಷ್ಟು ಜೋರು ಮಾಡುವುದು ಆಂಪ್ಲಿಫೈಯರ್ ಮತ್ತು ಸ್ಪೀಕರುಗಳ ಕೆಲಸ. ಆದ್ದರಿಂದ ದೊಡ್ಡ ಮಿಕ್ಸರ್ ತಂದರೆ ಧ್ವನಿ ದೊಡ್ಡದಾಗುತ್ತದೆ ಎಂಬ ಎಣಿಕೆ ಸರಿಯಲ್ಲ.

ಈಗ ಸ್ವಲ್ಪ ಭೌತಶಾಸ್ತ್ರ. ಹಾಡುಗಾರನ ಕೈಯಲ್ಲಿರುವ ಸಾಮಾನ್ಯ ಮೈಕು ಕೊಡುವುದು ಒಂದೆರಡು ಮಿಲಿವೋಲ್ಟ್ ಮಾತ್ರ. ಮುಂದಿನ ಉಪಕರಣಗಳಿಗೆ ಬೇಕಾದದ್ದು ಸುಮಾರು ಒಂದು ವೋಲ್ಟ್. ಅಂದರೆ ಸಂಕೇತವನ್ನು ಸಾವಿರ ಪಟ್ಟಿನಷ್ಟು ಹಿಗ್ಗಿಸಬೇಕು. ತಂತ್ರಜ್ಞರ ಲೆಕ್ಕದಲ್ಲಿ ಇದು 60 ಡೆಸಿಬಲ್. ಪ್ರತಿ ಚಾನೆಲ್ಲಿನ ನೆತ್ತಿಯಲ್ಲಿರುವ 'ಗೇನ್' ತಿರುಪು ಮಾಡುವ ಕೆಲಸ ಇದೇ. ಗೇನ್ ಹೆಚ್ಚಾದರೆ ಧ್ವನಿಯ ಅಲೆಯ ತುದಿಗಳು ಕತ್ತರಿಸಿಹೋಗಿ ದನಿ ಒಡೆಯುತ್ತದೆ. ಕೆಳಗಿನ ಫೇಡರನ್ನು ಇಳಿಸಿದರೆ ಒಡೆದ ದನಿಯೇ ಮೆತ್ತಗೆ ಕೇಳುತ್ತದೆಯೇ ಹೊರತು ಒಡಕು ಹೋಗುವುದಿಲ್ಲ. ಗೇನ್ ತೀರಾ ಕಡಿಮೆಯಾದರೆ ಮುಂದೆ ಏರಿಸುವಾಗ ದನಿಯ ಜೊತೆಗೆ 'ಸುಯ್' ಎನ್ನುವ ಗದ್ದಲವೂ ಏರುತ್ತದೆ. ಬಾಗಿಲಲ್ಲೇ ಕೆಟ್ಟದ್ದು ಒಳಗೆ ಸರಿಹೋಗದು ಎಂಬುದು ಈ ವಿದ್ಯೆಯ ಮೊದಲ ಪಾಠ.

ಇನ್ನು ಆಯ್ಕೆಯ ಮಾತು. ಅಂಗಡಿಗೆ ಹೋಗುವ ಮುನ್ನ ಕಾಗದದ ಮೇಲೆ ಲೆಕ್ಕ ಹಾಕಿ. ಒಂದು ಪೌರಾಣಿಕ ನಾಟಕವನ್ನೇ ತೆಗೆದುಕೊಳ್ಳೋಣ. ರಂಗದ ಮುಂಭಾಗಕ್ಕೆ ಮೈಕುಗಳು 4, ಹಾರ್ಮೋನಿಯಂ 1, ತಬಲ ಜೋಡಿಗೆ 2, ಕೀಬೋರ್ಡ್ 1, ರಿದಂ ಪ್ಯಾಡ್ 1, ನಿರೂಪಕರಿಗೆ 1, ಒಟ್ಟು 10. ಆಪತ್ತಿಗೆಂದು 2 ಸೇರಿಸಿದರೆ 12. ಹಾಗಾದರೆ 12 ಎಂದು ಬರೆದಿರುವ ಮಿಕ್ಸರ್ ಸಾಕೆ? ಇಲ್ಲಿ ಎಚ್ಚರ ಬೇಕು. ಯಮಹಾ ಕಂಪನಿಯ ಎಂಜಿ12 ಮಾದರಿಯ ಹೆಸರಿನಲ್ಲಿ 12 ಇದೆ. ಆದರೆ ಅದಕ್ಕೆ ಜೋಡಿಸಬಹುದಾದ ಮೈಕುಗಳು 6 ಮಾತ್ರ. ಉಳಿದವು ಕೀಬೋರ್ಡಿನಂಥ ವಾದ್ಯಗಳಿಗೆ ಮೀಸಲು. ಇದರಲ್ಲಿ ಮೋಸವೇನೂ ಇಲ್ಲ, ವಿವರಪಟ್ಟಿಯಲ್ಲಿ ಸ್ಪಷ್ಟವಾಗಿಯೇ ಇರುತ್ತದೆ. ಓದಬೇಕಾದವರು ನಾವು. ಕಂಡೆನ್ಸರ್ ಮೈಕು ಬಳಸುವುದಾದರೆ ಅದಕ್ಕೆ ಬೇಕಾದ 48 ವೋಲ್ಟ್ ಪೂರೈಕೆ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

ಒಳಬರುವ ದಾರಿಗಳಷ್ಟೇ ಹೊರಹೋಗುವ ದಾರಿಗಳೂ ಮುಖ್ಯ. ಜನರಿಗೆ ಕೇಳುವ ಸ್ಪೀಕರು ಒಂದು ಕಡೆ. ತಮ್ಮ ಶ್ರುತಿ ತಮಗೆ ಕೇಳಲೆಂದು ಹಾರ್ಮೋನಿಯಂ ಮೇಷ್ಟ್ರ ಎದುರಿಗೆ ಇಡುವ ಸ್ಪೀಕರು ಇನ್ನೊಂದು ಕಡೆ. ಇವೆರಡಕ್ಕೂ ಬೇಕಾದ ಮಿಶ್ರಣ ಬೇರೆ ಬೇರೆ. ಇದಕ್ಕಾಗಿಯೇ 'ಆಕ್ಸ್' ಎಂಬ ತಿರುಪುಗಳಿವೆ. ಒಂದು ಆಕ್ಸ್ ಎಂದರೆ ಪ್ರತ್ಯೇಕವಾದ ಒಂದು ಮಿಶ್ರಣ. ನಿಮಗೆ ಎಷ್ಟು ಬೇಕೆಂದು ಮೊದಲೇ ಎಣಿಸಿ.

ಧ್ವನಿಮುದ್ರಣ ಮಾಡುವವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಪೂಜಾ ಕುಣಿತವನ್ನು ಊಹಿಸಿಕೊಳ್ಳಿ. ತಮಟೆಯ ಸದ್ದು ತಾನಾಗಿಯೇ ಬಯಲನ್ನು ತುಂಬುತ್ತದೆ. ಅದಕ್ಕೆ ಮೈಕು ಇಡುವುದಿಲ್ಲ. ಹಾಡುವವರಿಗೆ ಮಾತ್ರ ಇಡುತ್ತೇವೆ. ಬಯಲಿನಲ್ಲಿ ನಿಂತವರಿಗೆ ಎಲ್ಲವೂ ಸಮನಾಗಿ ಕೇಳುತ್ತದೆ. ಆದರೆ ಸ್ಪೀಕರಿಗೆ ಹೋಗುವ ಅದೇ ಸಂಕೇತವನ್ನು ಮುದ್ರಿಸಿಕೊಂಡು ಮನೆಗೆ ಬಂದು ಕೇಳಿದರೆ ತಮಟೆಯೇ ಇರುವುದಿಲ್ಲ! ಆದ್ದರಿಂದ ಮುದ್ರಣಕ್ಕೆ ತಮಟೆಗೂ ಮೈಕು ಇಟ್ಟು, ಅದನ್ನು ಸ್ಪೀಕರಿಗೆ ಬಿಡದೆ ಆಕ್ಸ್ ಮೂಲಕ ಬೇರೆ ಮಿಶ್ರಣ ಕಳಿಸಬೇಕು. ಇಲ್ಲವೇ ಪ್ರತಿ ಮೈಕನ್ನೂ ಬೇರೆ ಬೇರೆಯಾಗಿ ದಾಖಲಿಸುವ ಡಿಜಿಟಲ್ ಮಿಕ್ಸರ್ ಬೇಕು. ಯುಎಸ್‌ಬಿ ಇದೆ ಎಂದ ಮಾತ್ರಕ್ಕೆ ಆ ಸೌಲಭ್ಯ ಇದೆಯೆಂದಲ್ಲ. ಹಲವು ಮಿಕ್ಸರುಗಳ ಯುಎಸ್‌ಬಿ ಎಡ ಮತ್ತು ಬಲ ಎಂಬ ಎರಡನ್ನೇ ದಾಖಲಿಸುತ್ತದೆ. ಬೇರೆ ಬೇರೆಯಾಗಿ 12 ಧ್ವನಿಗಳನ್ನು 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದರೆ ಗಂಟೆಗೆ ಸುಮಾರು 6 ಗಿಗಾಬೈಟ್ ಬೇಕು. ಎಂಟು ಗಂಟೆಯ ನಾಟಕಕ್ಕೆ ಸುಮಾರು 50. ಇದು ಇಂದು ಸಣ್ಣ ಕಾರ್ಡಿನಲ್ಲಿ ಹಿಡಿಸುವ ಮೊತ್ತ.

ಹಾಗಾದರೆ ಹಳೆಯದನ್ನು ಯಾವಾಗ ಬದಲಿಸಬೇಕು? ಧ್ವನಿ ಚೆನ್ನಾಗಿಲ್ಲ ಎನಿಸಿದಾಗ ಮೊದಲು ಮೈಕಿನ ಜಾಗ ಬದಲಿಸಿ ನೋಡಿ. ಇದಕ್ಕೆ ಕಾಸು ಬೇಡ. ಬಾಯಿಗೂ ಮೈಕಿಗೂ ಇರುವ ದೂರವನ್ನು ಅರ್ಧಕ್ಕೆ ಇಳಿಸಿದರೆ ಸಂಕೇತ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ಕೀಚಲು ದನಿಯ ಕಾಟವೂ ತಗ್ಗುತ್ತದೆ. ಅನಂತರ ಕೇಬಲ್ ನೋಡಿ. 'ಗುಂಯ್' ಎಂಬ ಸದ್ದಿದ್ದರೆ ಅದು ಬಹುಮಟ್ಟಿಗೆ 50 ಹರ್ಟ್ಸ್ ವಿದ್ಯುತ್ತಿನ ಪ್ರಭಾವ. ಮೂರು ಪಿನ್ನಿನ ಬ್ಯಾಲೆನ್ಸ್ಡ್ ಕೇಬಲ್ಲು, ಸರಿಯಾದ ಅರ್ಥಿಂಗ್ ಇದ್ದರೆ ಅರ್ಧ ತೊಂದರೆ ನೀಗುತ್ತದೆ. ಆದರೆ ಆ ಸದ್ದು ನಿಲ್ಲಿಸಲೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ಎಂದೂ ಕಳಚಬೇಡಿ, ಅದು ಜೀವಕ್ಕೆ ಅಪಾಯ. ಮೂರನೆಯದಾಗಿ ಮೈಕು. ಇವೆಲ್ಲ ಸರಿಯಿದ್ದೂ ಚಾನೆಲ್ ಸಾಲದಿದ್ದರೆ, ಆಕ್ಸ್ ಸಾಲದಿದ್ದರೆ, ಬೇರೆ ಬೇರೆ ಮುದ್ರಣ ಬೇಕಿದ್ದರೆ ಮಾತ್ರ ಮಿಕ್ಸರ್ ಬದಲಿಸಿ. ಡಿಜಿಟಲ್ ಕೊಂಡರೆ ಜೊತೆಗೊಂದು ಯುಪಿಎಸ್ ಇರಲಿ. ಕರೆಂಟು ಹೋಗಿ ಜನರೇಟರಿಗೆ ಬದಲಾಗುವ ಆ ಕ್ಷಣದಲ್ಲಿ ಡಿಜಿಟಲ್ ಮಿಕ್ಸರ್ ಆರಿಹೋಗಿ ಮತ್ತೆ ಹೊಸದಾಗಿ ಎದ್ದೇಳಬೇಕಾಗುತ್ತದೆ. ಅಷ್ಟರಲ್ಲಿ ಭೀಮನ ಪದ್ಯ ಮುಗಿದಿರುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಒಂದೇ ಮೈಕನ್ನು ಪ್ರತಿ ಚಾನೆಲ್ಲಿಗೂ ಚುಚ್ಚಿ, ಪ್ರತಿ ಫೇಡರನ್ನೂ ಮೇಲೆ ಕೆಳಗೆ ಆಡಿಸಿ ಕೇಳಿ. ಕರಕರ ಸದ್ದು ಬಂದರೆ ಒಳಗೆ ಧೂಳು ಸೇರಿದೆ ಅಥವಾ ಪಟ್ಟಿ ಸವೆದಿದೆ ಎಂದರ್ಥ.

ಇಷ್ಟೆಲ್ಲ ಜಾಗ್ರತೆ ಏಕೆ? ರಾಮನಗರದ ಬಳಿ, ಮೈಸೂರು ರಸ್ತೆಯಲ್ಲಿ ಜಾನಪದ ಲೋಕವಿದೆ. ಎಚ್.ಎಲ್. ನಾಗೇಗೌಡರು 1994ರಲ್ಲಿ ಕಟ್ಟಿದ ಈ ಸಂಸ್ಥೆಯಲ್ಲಿ ಜನಪದ ಹಾಡು, ಕುಣಿತಗಳ ಧ್ವನಿ ಮತ್ತು ದೃಶ್ಯ ಮುದ್ರಣಗಳ ಸಂಗ್ರಹವಿದೆ. ಇದೇ ರಾಮನಗರದ ಬೆಟ್ಟಗಳಲ್ಲಿ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ 'ಶೋಲೆ'ಯನ್ನೂ ನೀವು ಬಲ್ಲಿರಿ. ಸಿನಿಮಾದಲ್ಲಿ ಮಾತು ಕೆಟ್ಟರೆ ನಟರನ್ನು ಸ್ಟುಡಿಯೋಗೆ ಕರೆಸಿ ಮತ್ತೆ ಹೇಳಿಸಬಹುದು. ಎಂಬತ್ತು ದಾಟಿದ ಸೋಬಾನೆ ಹಾಡುವ ಅಜ್ಜಿಗೆ ಮುಂದಿನ ವರ್ಷ ಬನ್ನಿ ಎನ್ನಲಾಗದು. ಸಭೆಯಲ್ಲಿ ಕೆಟ್ಟ ಧ್ವನಿ ಅಲ್ಲಿಯೇ ಗಾಳಿಯಲ್ಲಿ ಕರಗುತ್ತದೆ. ಮುದ್ರಣದಲ್ಲಿ ಕೆಟ್ಟದ್ದು ಉಳಿಯುತ್ತದೆ, ಒಳ್ಳೆಯದು ಸಿಗದೇ ಹೋಗುತ್ತದೆ.

ಆದುದರಿಂದ ಮುದ್ರಿಸುವಾಗ ಅತಿ ಜೋರಿನ ಸ್ವರವೂ ಮೀಟರಿನಲ್ಲಿ ಸೊನ್ನೆಗಿಂತ 12 ಡೆಸಿಬಲ್ ಕೆಳಗೇ ಇರುವಂತೆ ಗೇನ್ ಇಡಿ. ಮೊದಲು ಒಂದು ನಿಮಿಷ ಹಾಡಿಸಿ, ಹೆಡ್‌ಫೋನಿನಲ್ಲಿ ಕೇಳಿ ನೋಡಿ. ಹಾಡಿದವರ ಒಪ್ಪಿಗೆ ಪಡೆಯಿರಿ. ಅವರ ಹೆಸರು, ಊರು, ದಿನಾಂಕ ಬರೆದಿಡಿ. ಕಡತದ ಎರಡು ಪ್ರತಿಗಳನ್ನು ಎರಡು ಕಡೆ ಕಾಪಾಡಿ. ಆರು ಚಾನೆಲ್ಲಿನ ಸಣ್ಣ ಮಿಕ್ಸರಿನಿಂದಲೂ ಇದೆಲ್ಲ ಸಾಧ್ಯ. ಮುಂದಿನ ಜಾತ್ರೆಯಲ್ಲಿ ಮಿಕ್ಸರ್ ಮುಂದೆ ಕುಳಿತವರ ಬಳಿ ಒಂದು ಗಳಿಗೆ ನಿಂತು, ಯಾವ ತಿರುಪು ಏಕೆ ತಿರುಗಿತು ಎಂದು ವಿಚಾರಿಸಿ. ಪುಸ್ತಕದಲ್ಲಿ ಓದಿದ ಡೆಸಿಬಲ್ ಅಲ್ಲಿ ನಿಮ್ಮ ಕಿವಿಗೇ ಅರ್ಥವಾಗುತ್ತದೆ.