ರಂಗೋಲಿಯಲ್ಲಿ ಕಂಡ ಕಾಲುವೆ



2022ನೆಯ ಇಸವಿಯ ಮಳೆಗಾಲ ನಿಮಗೆ ನೆನಪಿರಬಹುದು. ಹಳೆಯ ಮೈಸೂರು ಸೀಮೆಯ ಅನೇಕ ಕೆರೆಗಳು ಅನೇಕ ವರ್ಷಗಳ ತರುವಾಯ ಕೋಡಿ ಬಿದ್ದವು. ನನ್ನ ಹುಟ್ಟೂರಿನ ಕೆರೆ ಮಾತ್ರ ಅರ್ಧವೂ ತುಂಬಲಿಲ್ಲ. ಕಾರಣವೇನೆಂದರೆ ಹೂಳು ಎಂದರು. ಹೂಳು ತೆಗೆದರೆ ಕೆರೆಯ ಹೊಟ್ಟೆ ದೊಡ್ಡದಾದೀತೇ ಹೊರತು, ಬಾರದ ನೀರು ಬಂದೀತೆ? ಇದನ್ನು ನಾವು ಯಾರೂ ಕೇಳಿಕೊಂಡಿರಲಿಲ್ಲ.

ಮುಂದಿನ ವರ್ಷ ಊರಿಗೆ ಕೃಷಿ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಬಂದರು. ಪದವಿಯ ಕೊನೆಯ ವರ್ಷದವರು ಹಳ್ಳಿಯಲ್ಲಿ ಬಿಡಾರ ಮಾಡಿ ರೈತರೊಡನೆ ಕಲಿಯತಕ್ಕದ್ದೆಂದು ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ಒಂದು ಪಾಠಕ್ರಮವುಂಟು. ಗ್ರಾಮೀಣ ಕೃಷಿ ಕಾರ್ಯಾನುಭವವೆಂದು ಅದರ ಹೆಸರು. ಒಂದು ಬೆಳಿಗ್ಗೆ ಅವರು ದೇವಸ್ಥಾನದ ಮುಂದಿನ ಬಯಲಲ್ಲಿ ಬಣ್ಣದ ಪುಡಿಯಿಂದ ಊರಿನ ನಕ್ಷೆ ಬರೆಯತೊಡಗಿದರು. ಹೊಲ, ತೋಪು, ಗೋಮಾಳ, ಕೊಳವೆ ಬಾವಿ ಒಂದೊಂದಕ್ಕೂ ಒಂದೊಂದು ಬಣ್ಣ. ಇಂಗ್ಲೆಂಡಿನ ರಾಬರ್ಟ್ ಚೇಂಬರ್ಸ್ ಮೊದಲಾದವರು ಪ್ರಚಾರಕ್ಕೆ ತಂದ ಪದ್ಧತಿ ಇದು. 1990ರ ಸುಮಾರಿಗೆ ನಮ್ಮ ನಾಡಿನಲ್ಲಿ ಮೈರಾಡ ಸಂಸ್ಥೆಯವರು ಬಹಳವಾಗಿ ಬಳಸಿದರು. ಗೆರೆ ಎಳೆಯುವ ಕೋಲು ಬಂದವರ ಕೈಯಿಂದ ಊರವರ ಕೈಗೆ ಹೋಗಬೇಕೆಂಬುದು ಇದರ ಸೂತ್ರ.

ಮೊದಮೊದಲು ಕೋಲು ಹುಡುಗರ ಕೈಯಲ್ಲೇ ಇತ್ತು. ನೋಡುತ್ತ ನಿಂತಿದ್ದ ನಮ್ಮ ಹಳೆಯ ನೀರುಗಂಟಿ ತಡೆಯಲಾರದೆ, "ಅಲ್ಲ ಕಣವ್ವ, ಕಾಲುವೆ ಅಲ್ಲಿಂದ ಬರಾಕಿಲ್ಲ, ಗುಡ್ಡದ ಈ ಮಗ್ಗುಲಿಂದ" ಎಂದು ಮುಂದೆ ಬಂದ. "ಹಾಗಾದರೆ ನೀವೇ ಬರೀರಿ ತಾತ" ಎಂದು ಆ ಹುಡುಗಿ ಪುಡಿಯ ಬಟ್ಟಲನ್ನು ಅವನ ಕೈಗಿಟ್ಟಳು. ಅವನು ಎಳೆದ ಗೆರೆ ಮೇಲೂರಿನ ಕೆರೆಯ ಕೋಡಿಯಿಂದ ಹೊರಟು ಗುಡ್ಡದ ನೀರನ್ನು ಕೂಡಿಸಿಕೊಂಡು ನಮ್ಮ ಕೆರೆಗೆ ಇಳಿಯಿತು. ಹೆಂಗಸರು ತಾವು ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಗುರುತು ಹೇಳಿದರು. ಒಂದರ ಕೋಡಿ ಇನ್ನೊಂದರ ಒಡಲಿಗೆ ಬೀಳುವಂತೆ ಕೆರೆಗಳನ್ನು ಸರಪಳಿಯಾಗಿ ಕಟ್ಟಿದ ಹಿರಿಯರ ಜಾಣ್ಮೆಯನ್ನು ಮೂವತ್ತು ವರ್ಷ ಪಾಠ ಹೇಳಿದ ನಾನು ಅಂದು ನೆಲದ ಮೇಲೆ ಓದಿದೆ.

ಮಾರನೆಯ ದಿನ ವಿದ್ಯಾರ್ಥಿಗಳು ಗ್ರಾಮನಕಾಶೆಯನ್ನೂ ಟೇಪನ್ನೂ ಹಿಡಿದು ಆ ಗೆರೆಯ ಗುಂಟ ನಡೆದರು. ರಸ್ತೆಯ ಕೆಳಗಿನ ಎರಡು ಮೋರಿಗಳು ಮಣ್ಣಿನಿಂದ ಮುಚ್ಚಿದ್ದವು. ಅದರಾಚೆ ಕಾಲುವೆಯೇ ಇಲ್ಲ, ರಾಗಿಯ ಹೊಲ! ಕಾಗದದಲ್ಲಿ ಅದು ಬಿ ಖರಾಬು, ಎಂದರೆ ಸಾರ್ವಜನಿಕರ ಸ್ವತ್ತು. ಹೂಳಿಗಿಂತ ಮೊದಲು ಕಾಲುವೆ ಎಂದು ಅವರು ವರದಿ ಬರೆದರು.

ಬರೆದದ್ದು ಇಂಗ್ಲಿಷಿನಲ್ಲಿ, ಅಂಕಗಳಿಗಾಗಿ ಅದು ಕಾಲೇಜಿಗೆ ಹೋಯಿತು. ರಂಗೋಲಿಯನ್ನು ಗಾಳಿ ಒಯ್ದಿತ್ತು. ಯೋಜನೆ ಎಂಬ ಶಬ್ದಕ್ಕೆ ಕೂಡಿಸುವುದು ಎಂಬ ಅರ್ಥವೂ ಉಂಟು, ದೂರದ ಅಳತೆ ಎಂಬ ಅರ್ಥವೂ ಉಂಟು. ನಮ್ಮ ಪಾಲಿಗೆ ಬಂದದ್ದು ಎರಡನೆಯದೇ ಎಂದು ನಾನು ಗೊಣಗಿದೆ. ವಿದ್ಯಾರ್ಥಿಗಳ ತಪ್ಪೇನಿಲ್ಲ, ಊರಿಗೊಂದು ಪ್ರತಿ ಕೊಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಾನೊಂದು ಕಾಗದ ಬರೆದೆ. ಹದಿನೈದು ದಿನಕ್ಕೆ ಆ ಹುಡುಗಿಯಿಂದ ಅಂಚೆಯಲ್ಲಿ ನಾಲ್ಕು ಪುಟ ಬಂತು, ಕನ್ನಡದಲ್ಲಿ, ನಕ್ಷೆಯ ಸಮೇತ. ಒಂದೆರಡು ಕಾಗುಣಿತದ ತಪ್ಪುಗಳಿದ್ದವು, ತಿದ್ದಲಿಲ್ಲ. ಅದನ್ನು ಗ್ರಾಮಸಭೆಯಲ್ಲಿ ಓದಲಾಯಿತು. ಮೋರಿಗಳೆರಡೂ 2024ರಲ್ಲಿ ತೆರವಾದವು. ರಾಗಿ ಹೊಲದವರು ಇನ್ನೂ ಒಪ್ಪಿಲ್ಲ; ಸರ್ವೆಯವರು ಬಂದು ಅಳೆಯಲೆಂದು ಪಂಚಾಯತಿ ಅರ್ಜಿ ಕೊಟ್ಟಿದೆ. ಆ ನಾಲ್ಕು ಪುಟಗಳು ಪಂಚಾಯತಿಯ ಗೋಡೆಯ ಮೇಲೆ, ಕಂದಾಯದ ನೋಟೀಸಿನ ಪಕ್ಕದಲ್ಲಿ ಅಂಟಿಕೊಂಡಿವೆ. ನೀರುಗಂಟಿ ಆಗಾಗ ಹೋಗಿ ತನ್ನ ಗೆರೆಯನ್ನು ನೋಡಿ ಬರುತ್ತಾನೆ.