ಕ್ರೀಡಾಕೀರ್ತಿಯೂ ವಿದ್ಯಾಲಯದ ಅಭಿವೃದ್ಧಿಯೂ

(ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಹೂವಿನ ಪರಿಮಳವು ದುಂಬಿಯನ್ನು ಕರೆಯುವುದು. ಮಕರಂದವಿಲ್ಲದಿದ್ದರೆ ದುಂಬಿಯು ಅಲ್ಲಿ ನಿಲ್ಲಲಾರದು. ವಿದ್ಯಾಲಯದ ಕೀರ್ತಿಯೂ ಹೀಗೆಯೇ. ಆಟದಲ್ಲಿ ಗೆದ್ದ ಕಾಲೇಜಿಗೆ ವಿದ್ಯಾರ್ಥಿಗಳು ತಾವಾಗಿ ಬಂದು ಸೇರುವರೆಂಬ ನಂಬಿಕೆಯು ಅಮೇರಿಕಾ ದೇಶದಲ್ಲಿ ಬಲವಾಗಿ ಬೇರೂರಿರುವುದು. ಅದಕ್ಕೆ ಅಲ್ಲಿ ‘ಫ್ಲೂಟಿ ಪರಿಣಾಮ’ವೆಂದು ಹೆಸರು. ಇದರ ನಿಜಾಂಶವನ್ನು ವಿಚಾರಿಸುವುದು ವಿದ್ಯಾದಾನದಲ್ಲಿ ತೊಡಗಿದವರೆಲ್ಲರಿಗೂ ಉಚಿತವಾಗಿದೆ.

ಬಾಸ್ಟನ್ ಕಾಲೇಜು 1863ರಲ್ಲಿ ಜೆಸ್ಯೂಟ್ ಪಂಥದ ಕ್ರೈಸ್ತ ಗುರುಗಳಿಂದ ಸ್ಥಾಪಿತವಾದುದು. 1984ನೆಯ ನವೆಂಬರ್ 23ರಂದು ಅದರ ಫುಟ್‌ಬಾಲ್ ತಂಡವು ಮಯಾಮಿಯ ತಂಡದೊಡನೆ ಸೆಣಸುತ್ತಿದ್ದಿತು. ಆ ದೇಶದ ಈ ಆಟದಲ್ಲಿ ಚೆಂಡನ್ನು ಕೈಯಿಂದ ಎಸೆದು ಹಿಡಿಯುವುದುಂಟು. ಆಟ ಮುಗಿಯಲು ಆರೇ ಸೆಕೆಂಡುಗಳು ಉಳಿದಿರಲು, ಬಾಸ್ಟನ್ನಿನವರು ನಾಲ್ಕು ಅಂಕಗಳಷ್ಟು ಹಿಂದಿದ್ದರು. ಆಗ ಡಗ್ ಫ್ಲೂಟಿ ಎಂಬ ವಿದ್ಯಾರ್ಥಿಯು ಬಹುದೂರಕ್ಕೆ ಎಸೆದ ಚೆಂಡನ್ನು ಜೆರಾರ್ಡ್ ಫೀಲನ್ ಎಂಬವನು ಹಿಡಿದನು. 47-45ರ ಜಯವು ಲಭಿಸಿತು. ದೇಶದ ಜನರೆಲ್ಲ ಅದನ್ನು ದೂರದರ್ಶನದಲ್ಲಿ ಕಂಡು ಬೆರಗಾದರು.

ಆ ಕಾಲೇಜಿಗೆ ಬರುತ್ತಿದ್ದ ಪ್ರವೇಶದ ಅರ್ಜಿಗಳು 1984ರಲ್ಲಿ 12,414ರಿಂದ 14,398ಕ್ಕೂ, 1985ರಲ್ಲಿ 16,163ಕ್ಕೂ ಏರಿದುವು. ಇದೆಲ್ಲವೂ ಚೆಂಡಿನ ಮಹಿಮೆಯೆಂದು ಲೋಕವು ಕೊಂಡಾಡಿತು. ಆದರೆ 1978ರಲ್ಲಿ ಅದೇ ತಂಡವು ಆಡಿದ 11 ಪಂದ್ಯಗಳಲ್ಲಿ ಒಂದನ್ನೂ ಗೆಲ್ಲದಿದ್ದ ಕಾಲದಲ್ಲಿಯೂ ಅರ್ಜಿಗಳು ಹೆಚ್ಚಿದ್ದುವೆಂಬುದನ್ನು ಮರೆಯಲಾಗದು. ಇದಕ್ಕೆ ಕಾರಣವೇನು? ಹಿಂದಿನ ಒಂದು ದಶಕದಿಂದಲೂ ಕಾಲೇಜಿನವರು ವಿದ್ಯಾರ್ಥಿನಿಲಯಗಳನ್ನು ಉತ್ತಮಪಡಿಸಿದ್ದರು. ಅರ್ಹರಿಗೆ ಧನಸಹಾಯವನ್ನು ಏರ್ಪಡಿಸಿದ್ದರು. ಹಳೆಯ ವಿದ್ಯಾರ್ಥಿಗಳ ಮೂಲಕ ದೂರದ ಪ್ರಾಂತಗಳ ಮಕ್ಕಳನ್ನು ಕರೆತರುತ್ತಿದ್ದರು. ಬಿತ್ತಿದ ಬೆಳೆಯು ಕೊಯ್ಲಿಗೆ ಬಂದಾಗ ಜಯಭೇರಿಯೂ ಮೊಳಗಿತು.

ಹಾಗೆಂದು ಆಟದ ಪ್ರಭಾವವನ್ನು ಅಲ್ಲಗಳೆಯುವಂತಿಲ್ಲ. ಹಾರ್ವರ್ಡಿನ ಡಗ್ ಚಂಗ್ ಎಂಬ ವಿದ್ವಾಂಸರು 2013ರಲ್ಲಿ ಪ್ರಕಟಿಸಿದ ಸಂಶೋಧನೆಯ ಮೇರೆಗೆ, ಸಾಧಾರಣವಾದ ತಂಡವು ಶ್ರೇಷ್ಠವಾದರೆ ಅರ್ಜಿಗಳು ನೂರಕ್ಕೆ 18ಕ್ಕಿಂತಲೂ ಮಿಗಿಲಾಗಿ ಹೆಚ್ಚುವುವು. ಆದರೆ ಈ ಆಕರ್ಷಣೆಯು ಪರೀಕ್ಷೆಯಲ್ಲಿ ಕಡಮೆ ಅಂಕ ಪಡೆದವರಲ್ಲಿ ಅಧಿಕ. ಹೆಚ್ಚು ಅಂಕ ಪಡೆದವರು ವಿದ್ಯೆಯ ಗುಣವನ್ನೇ ಮುಖ್ಯವಾಗಿ ಎಣಿಸುವರು.

ಆದುದರಿಂದ ಕ್ರೀಡೆಯು ವಿದ್ಯಾಲಯದ ಹೆಸರನ್ನು ಊರೂರಿಗೆ ಮುಟ್ಟಿಸುವ ಡಂಗುರವೆಂದು ತಿಳಿಯಬೇಕು. ಡಂಗುರವನ್ನು ಕೇಳಿ ಬಂದ ಬಾಲಕನಿಗೆ ಉಣ್ಣಲು ಅನ್ನ, ಇರಲು ನೆರಳು, ಕಲಿಸಲು ಸಮರ್ಥನಾದ ಗುರು ಇವು ಮೂರೂ ದೊರೆಯಬೇಕು. ಇವಕ್ಕಾಗಿ ಇರುವ ಹಣವನ್ನು ಡಂಗುರಕ್ಕೇ ವ್ಯಯಮಾಡುವ ಸಂಸ್ಥೆಯು ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳುಹಿಸಿದಂತಾಗುವುದು.