ಕ್ಯಾಮರಾ ಹಿಡಿದ ಕೈಗೆ ಬೇಸರ ಬಂದಾಗ



ರಾಜ್ಯೋತ್ಸವದ ವೇದಿಕೆಯಲ್ಲಿ ಛಾಯಾಗ್ರಹಣದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಈ ಚೆನ್ನೈಗೂ (ನಮ್ಮ ಬಾಯಿಗೆ ಇನ್ನೂ ಮದರಾಸೇ) ನಮ್ಮ ನಾಡಿಗೂ ಈ ಕಲೆಯಲ್ಲಿ ಹಳೆಯ ನಂಟುಂಟು. 1854ರ ಡಿಸೆಂಬರಿನಲ್ಲಿ ಲಿನೀಯಸ್ ಟ್ರೈಪ್ ಎಂಬ ಮದರಾಸು ಸೈನ್ಯದ ಅಧಿಕಾರಿ ಬೇಲೂರು ಹಳೇಬೀಡುಗಳಿಗೆ ಹೋಗಿ ಅಲ್ಲಿಯ ದೇವಾಲಯಗಳ ಪಟಗಳನ್ನು ತೆಗೆದನು. ಮರುವರ್ಷ ಮದರಾಸಿನಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಅವನ್ನು ಇಟ್ಟಿದ್ದರು. ರಾಯಪುರದ ರೈಲು ನಿಲ್ದಾಣ ತೆರೆದದ್ದು 1856ರಲ್ಲಿ. ಎಂದರೆ, ರೈಲು ಬರುವ ಮೊದಲೇ ನಮ್ಮ ಹೊಯ್ಸಳ ಶಿಲ್ಪ ಈ ಊರಿಗೆ ಬಂದಿಳಿದಿತ್ತು!

ಟ್ರೈಪನದು ಕಾಗದದ ನೆಗೆಟಿವ್. ಒಂದೊಂದು ಪಟಕ್ಕೂ ಕಾಗದವನ್ನು ರಸಾಯನದಲ್ಲಿ ಅದ್ದಿ ಸಿದ್ಧಮಾಡಬೇಕು, ದೊಡ್ಡ ಪೆಟ್ಟಿಗೆಯನ್ನು ಹೊರಿಸಿಕೊಂಡು ಹೋಗಬೇಕು, ಬಿಸಿಲಿಗಾಗಿ ಕಾಯಬೇಕು. ಈಗ ಜೇಬಿನ ಫೋನಿನಲ್ಲಿ ಒಂದು ಮದುವೆಗೆ ಸಾವಿರ ಪಟ. ಕಷ್ಟವಿಲ್ಲದುದರಿಂದಲೇ ಬೇಸರವೂ ಬೇಗ ಬರುತ್ತದೆಂದು ನಮ್ಮ ಅನುಭವ.

ನಮ್ಮ ಸಂಘದ ನಾಲ್ವರು ಗೆಳೆಯರು ಕೆಲವು ವರ್ಷಗಳ ಕೆಳಗೆ ಭಾನುವಾರದ ಬೆಳಗನ್ನು ಈ ಹವ್ಯಾಸಕ್ಕೆ ಮೀಸಲಿಟ್ಟೆವು. ಮರೀನಾದ ಸೂರ್ಯೋದಯ, ಕಾಸಿಮೇಡಿನ ಮೀನಿನ ದೋಣಿಗಳು, ಪಂಗುಣಿಯಲ್ಲಿ ಕಪಾಲೀಶ್ವರನ ತೇರು, ಒಂದನ್ನೂ ಬಿಡಲಿಲ್ಲ. ಮೊದಲ ವರ್ಷ ಉತ್ಸಾಹವೋ ಉತ್ಸಾಹ. ಎರಡನೆಯ ವರ್ಷ ಅದೇ ಸೂರ್ಯ, ಅದೇ ದೋಣಿ. ನಮ್ಮವಕ್ಕಿಂತ ಚೆನ್ನಾದ ಪಟಗಳನ್ನು ಬೇರೆಯವರು ಆಗಲೇ ತೆಗೆದಿದ್ದರು. ತಪ್ಪು ಲೆನ್ಸಿನದೆಂದು ತೀರ್ಮಾನಿಸಿ ಕಂತಿನ ಮೇಲೆ ಹೊಸದನ್ನು ಕೊಂಡೆವು. (ಕಂತು ಬಡ್ಡಿಗಳ ಲೆಕ್ಕವನ್ನು ಬ್ಯಾಂಕಿನಲ್ಲಿ ಕೂತು ಊರವರಿಗೆಲ್ಲ ಹೇಳುವವರು ನಾವೇ!) ಲೆನ್ಸು ಬಂತು, ಬೇಸರ ಹೋಗಲಿಲ್ಲ. ಮೂರನೆಯ ವರ್ಷ ಕ್ಯಾಮರಾ ಬೀರು ಸೇರಿತು. ಇಲ್ಲಿಯ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯಿತು.

ಆ ಸಮಯದಲ್ಲಿಯೇ ನಮ್ಮ ಬಳಗದ ಹಿರಿಯರೊಬ್ಬರು ತೀರಿಕೊಂಡರು. ಉಡುಪಿಯ ಕಡೆಯಿಂದ ಚಿಕ್ಕಂದಿನಲ್ಲೇ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ಕೊನೆಗೆ ಗಲ್ಲಾದ ಮೇಲೆ ಕೂತವರು. ನಾವು ಕ್ಯಾಮರಾ ಹೆಗಲಿಗೇರಿಸಿ ಹೊರಟಾಗಲೆಲ್ಲ ಕಾಫಿ ಕುಡಿಸದೆ ಕಳಿಸುತ್ತಿರಲಿಲ್ಲ. ವೈಕುಂಠ ಸಮಾರಾಧನೆಯ ದಿನ ಹಾರ ಹಾಕಲು ಒಂದು ಒಳ್ಳೆಯ ಪಟ ಬೇಕೆಂದು ಅವರ ಮಗ ಕೇಳಿದರು. ನಾಲ್ವರೂ ಹುಡುಕಿದೆವು. ಕಾಸಿಮೇಡಿನ ಬೆಸ್ತರ ಪಟಗಳು ನೂರಾರು ಇದ್ದುವು. ಇವರದು ಒಂದೂ ಇರಲಿಲ್ಲ. ಕಡೆಗೆ ಪಾಸ್‌ಬುಕ್ಕಿಗೆ ಅಂಟಿಸಿದ್ದ ಚಿಕ್ಕ ಚಿತ್ರವನ್ನೇ ದೊಡ್ಡದು ಮಾಡಿಸಿದರು. ಅದರಲ್ಲಿ ಒಂದು ಕಣ್ಣಿನ ಮೇಲೆ ಅರ್ಧ ರಬ್ಬರ್ ಮುದ್ರೆ. ಒತ್ತಿದವರು ನಮ್ಮಂಥ ಯಾರೋ ಗುಮಾಸ್ತರೇ.

ಮುಂದಿನ ಭಾನುವಾರದಿಂದ ನಾವು ಮರೀನಾಕ್ಕೆ ಹೋಗಲಿಲ್ಲ. ಸಂಘದ ಹಿರಿಯರ ಮನೆಗಳಿಗೆ ಹೋದೆವು. ತಿರುವಲ್ಲಿಕ್ಕೇಣಿಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಟ್ಯೂಬ್‌ಲೈಟ್ ಹಾಕಿ, "ಅಜ್ಜಿ, ಸ್ವಲ್ಪ ನಗಿ" ಎಂದೆವು. ಪಟವನ್ನು ತೋರಿಸಿದಾಗ ಅವರು, "ಇದು ಯಾರಪ್ಪಾ, ಪೊಲೀಸರು ಹಿಡಿದುಕೊಂಡು ಹೋದವಳ ಹಾಗಿದೆ!" ಎಂದರು. ಸರಿಯಾಗಿಯೇ ಹೇಳಿದ್ದರು.

ಆ ಮನೆಗೆ ಐದು ಸಲ ಹೋದೆವು. ಎರಡನೆಯ ಸಲ ದೀಪ ಆರಿಸಿ ಕಿಟಕಿಯ ಪಕ್ಕಕ್ಕೆ ಕುರ್ಚಿ ಹಾಕಿದೆವು. ಮುಖದ ಒಂದು ಪಾಲು ಬೆಳಗಿತು, ಇನ್ನೊಂದು ಪಾಲು ಮಸಿಯಾಯಿತು. ಆಗ ವಿ. ಕೆ. ಮೂರ್ತಿಯವರ ನೆನಪಾಯಿತು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಪಾಲಿಟೆಕ್ನಿಕ್ಕಿನಲ್ಲಿ ಕಲಿತು, ಗುರುದತ್ತರ ಚಿತ್ರಗಳಿಗೆ ಕ್ಯಾಮರಾ ಹಿಡಿದವರು. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಸ್ಟುಡಿಯೋದ ಕತ್ತಲೆಗೆ ಇಳಿಯುವ ಆ ಬೆಳಕಿನ ಕಂಬವನ್ನು ಅವರು ತಂದದ್ದು ಬಿಸಿಲನ್ನು ಕನ್ನಡಿಗಳಿಂದ ತಿರುಗಿಸಿ. ನಾವು ಅಡಿಗೆಮನೆಯ ಸ್ಟೀಲ್ ತಟ್ಟೆ ಹಿಡಿದೆವು. ಬೆಳಕು ಅಜ್ಜಿಯ ಕಣ್ಣಿಗೆ ಚುಚ್ಚಿತು. ಹಗ್ಗದ ಮೇಲೆ ಒಣಗುತ್ತಿದ್ದ ಬಿಳಿಯ ಪಂಚೆಯನ್ನು ಹರಡಿ ಹಿಡಿದೆವು, ನೆರಳು ಮೆತ್ತಗಾಯಿತು. ಹತ್ತಿರದ ಕಣ್ಣಿಗೆ ಫೋಕಸ್ ಮಾಡಬೇಕೆಂದು ಮೂರನೆಯ ಸಲ ತಿಳಿಯಿತು. ನಾಲ್ಕನೆಯ ಸಲ ಹೋದಾಗ ಹೊರಗೆ ಐಪ್ಪಸಿಯ ಮೋಡ. ಫೋಟೋಗೆ ಬೆಳಕಿಲ್ಲವೆಂದು ಗೊಣಗಿಕೊಂಡೇ ಹೋದೆವು. ಆದರೆ ಮೋಡದ ದಿನದ ಬೆಳಕೇ ಮುದಿಮುಖಕ್ಕೆ ಒಪ್ಪುವುದು, ಪಂಚೆಯೂ ಬೇಕಾಗುವುದಿಲ್ಲ. ಐದನೆಯ ಸಲ ಅಜ್ಜಿ ನಮ್ಮನ್ನು ಮರೆತು, ಹುರುಳಿಕಾಯಿ ನಾರು ತೆಗೆಯುತ್ತ, ತವರಿನ ಕೆರೆ ಕೋಡಿ ಬಿದ್ದ ಕಥೆ ಹೇಳತೊಡಗಿದರು. ಪಟ ಬಂದದ್ದು ಆಗ.

ಮೈಸೂರಿನ ಟಿ. ಎಸ್. ಸತ್ಯನ್ ಅವರೂ 1923ರಲ್ಲೇ ಹುಟ್ಟಿದವರು. ಸಿಡುಬನ್ನು ತೊಲಗಿಸುವ ಕಾರ್ಯವನ್ನು ವಿಶ್ವ ಆರೋಗ್ಯ ಸಂಸ್ಥೆಗಾಗಿ ಚಿತ್ರಿಸಿದರು. ಅವರು ತೆಗೆದ ಮಕ್ಕಳ ಪಟಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದುವು. ಇಷ್ಟಾದರೂ ಅವರ ಪಟಗಳಲ್ಲಿ ಮನಸ್ಸಿಗೆ ನಿಲ್ಲುವವರು ಬೀದಿಯ, ಮನೆಯ ಸಾಮಾನ್ಯ ಜನ. ಅವರ 'ಕಾಲಕ್ಕೆ ಕನ್ನಡಿ' ಪುಸ್ತಕವನ್ನು ಕ್ಯಾಮರಾ ಕೊಳ್ಳುವ ಮೊದಲು ಓದಿದ್ದರೆ ನಮ್ಮ ಕಂತಿನ ಹಣ ಉಳಿಯುತ್ತಿತ್ತೇನೋ.

ಈಗ ನಮ್ಮಲ್ಲಿ ಹೀಗೊಂದು ರೂಢಿ. ತಿಂಗಳಿಗೆ ಒಂದೇ ಮನೆ. ತೆಗೆದುದರಲ್ಲಿ ಒಂದನ್ನೇ ಆರಿಸಿ ಕಾಗದದ ಮೇಲೆ ಅಚ್ಚು ಹಾಕಿಸುತ್ತೇವೆ. ಆರಿಸುವಾಗ ನಾಲ್ವರಿಗೂ ಜಗಳ. ಕಲಿತದ್ದರಲ್ಲಿ ಅರ್ಧ ಆ ಜಗಳದಲ್ಲೇ. ಹಿಂಬದಿಯಲ್ಲಿ ಹೆಸರು, ಊರು, ಇಸವಿಗಳನ್ನು ಮೆತ್ತನೆಯ ಪೆನ್ಸಿಲಿನಿಂದ ಬರೆಯುತ್ತೇವೆ. ಶಾಯಿ ಮುಂಬದಿಗೆ ಇಳಿಯುತ್ತದೆ. ಕ್ಯಾಮರಾ ಮತ್ತೆ ಬೀರುವಿಗೆ ಹೋಗಿಲ್ಲ. ಮುಂದಿನ ಮನೆಯವರು ಕಾಯುತ್ತಿರುತ್ತಾರಲ್ಲ, ಹೋಗದಿದ್ದರೆ ಫೋನ್ ಮಾಡುತ್ತಾರೆ.

ಹೊರಗೆ ಪಡಸಾಲೆಯಲ್ಲಿ ಆ ಪಟಗಳನ್ನು ತೂಗುಹಾಕಿದ್ದೇವೆ. ಅವುಗಳ ಪಕ್ಕದಲ್ಲಿ, ಅದೇ ಮನೆಗಳ ಹಳೆಯ ಆಲ್ಬಮ್ಮುಗಳಿಂದ ತಂದ ಆರು ಪಟಗಳೂ ಇವೆ. ಅವುಗಳಲ್ಲಿ ನಿಂತವರು ಯಾರೆಂದು ಮನೆಯವರಿಗೂ ತಿಳಿಯದು. ಊಟಕ್ಕೆ ಹೋಗುವ ಮುನ್ನ ಹಿರಿಯರು ದಯವಿಟ್ಟು ಒಮ್ಮೆ ನೋಡಬೇಕು. ಪೆನ್ಸಿಲನ್ನು ದಾರಕ್ಕೆ ಕಟ್ಟಿ ಅಲ್ಲೇ ಇಟ್ಟಿದ್ದೇವೆ.